ತವರುಮನೆಯೆಂಬ ವಿದೇಶ

ಕಳೆದ ಯುಗಾದಿಯಲ್ಲಿ ತಿಂದ ಒಬ್ಬಟ್ಟೇ ಕೊನೆ. ಆಮೇಲೆ ಚಿಕ್ಕಬಸಪ್ಪನವರ ನಾಲಿಗೆಗೆ ಬೆಲ್ಲದ ಒಂದು ಚೂರೂ ಸೋಕಿರಲಿಲ್ಲ. "ಅಷ್ಟೇ ತಾನೆ?" ಎನ್ನುವ ಓದುಗರಿದ್ದರೆ ದಯವಿಟ್ಟು ಇಲ್ಲಿಂದಲೇ ಎದ್ದು ಹೋಗಬಹುದು. ಸಕ್ಕರೆ ಕಾಯಿಲೆಯವರ ಸಂಕಟ ಸಕ್ಕರೆ ಕಾಯಿಲೆಯವರಿಗೇ ಗೊತ್ತು.

ಅವರು ನಂಜನಗೂಡಿನ ಒಂದು ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ಸಂಘದಲ್ಲಿ ಅವರು ಕೆಮ್ಮಿದರೆ ಅಧ್ಯಕ್ಷರೇ ನೀರು ತರಿಸುತ್ತಿದ್ದರು. ಮನೆಯಲ್ಲಿ ಕೆಮ್ಮಿದರೆ ಹೆಂಡತಿ ಚನ್ನಬಸಮ್ಮ, "ಯಾಕೆ, ಕದ್ದು ಏನಾರಾ ತಿಂದ್ರಾ?" ಎಂದು ಬಾಯಿ ತೆರೆಸಿ ನೋಡುತ್ತಿದ್ದರು. ಡಾಕ್ಟರು ಹೇಳಿದ್ದು "ಸಿಹಿ ಸ್ವಲ್ಪ ಕಡಿಮೆ ಮಾಡಿ" ಎಂದು. ಆದರೆ ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಆ 'ಸ್ವಲ್ಪ' ಎಂಬ ಪದ ಆಟೋದಿಂದ ಎಲ್ಲೋ ಬಿದ್ದುಹೋಯಿತು. (ಅದನ್ನು ಹುಡುಕಿಸಲು ಚಿಕ್ಕಬಸಪ್ಪನವರು ಮಾಡಿದ ಪ್ರಯತ್ನಗಳೆಲ್ಲ ವಿಫಲವಾದವು.) ಅಂದಿನಿಂದ ಕಾಫಿಗೆ ಸಕ್ಕರೆಯಿಲ್ಲ, ಹಬ್ಬಕ್ಕೆ ಪಾಯಸವಿಲ್ಲ, ಊರಿನ ಹೆಸರು ಹೊತ್ತ ರಸಬಾಳೆ ಕೂಡ ಮನೆಯೊಳಗೆ ಬರುವಂತಿಲ್ಲ.

ಇಂಥ ಬರಗಾಲದಲ್ಲಿ ಒಂದು ದಿನ ಟಿ. ನರಸೀಪುರದಿಂದ ಚನ್ನಬಸಮ್ಮನ ತಮ್ಮ ನಂಜೇಶ್ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ಕಾಫಿ ಕುಡಿಯುತ್ತ, "ಅಡ್ಗೆ ನಮ್ಮ ಮೂಗೂರು ಉಚ್ಚಯ್ಯಂದೇ ಭಾವ! ಒಬ್ಬಟ್ಟು, ಕಾಯಾಲು, ಎಲ್ಲಾ ಏಳ್ಬಿಟ್ಟಿದೀನಿ!" ಅಂದ.

ಚಿಕ್ಕಬಸಪ್ಪನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮೂಗೂರು ಹುಚ್ಚಯ್ಯನ ಒಬ್ಬಟ್ಟು ಸಾಮಾನ್ಯವಾದದ್ದಲ್ಲ. ಎತ್ತಿ ಹಿಡಿದರೆ ಆಚೆ ನಿಂತವರ ಮೀಸೆ ಕಾಣಬೇಕು, ಅಷ್ಟು ತೆಳು. ಬಾಯಿಗೆ ಇಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ಅದರ ಮೇಲೆ ಕಾಯಿಹಾಲು, ಕಾಯಿಹಾಲಿನ ಮೇಲೆ ತುಪ್ಪ... ಅವರು ಕಣ್ಣು ಮುಚ್ಚಿದರು.

"ಕಣ್ಣು ಬುಡಿ," ಅಂದರು ಚನ್ನಬಸಮ್ಮ. "ನೀವೂ ಬನ್ನಿ. ಆದ್ರೆ ನನ್ನ ಪಕ್ಕದಲ್ಲೇ ಕೂತ್ಕಬೇಕು. ನಿಮ್ಮ ಎಲೆಗೆ ಏನ್ ಬೀಳ್ಬೇಕು, ಏನ್ ಬೀಳ್ಬಾರ್ದು ಅಂತ ನಾನೇ ನೋಡ್ಕತೀನಿ."

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ಹೇಗಾದರೂ ಮಾಡಿ ನರಸೀಪುರಕ್ಕೆ ಒಬ್ಬರೇ ಹೋಗಬೇಕು, ಹೆಂಡತಿ ಕಾಲಿಡುವ ಮುಂಚೆ ಮೊದಲನೇ ಪಂಕ್ತಿಯಲ್ಲಿ ಕೂರಬೇಕು, ಹುಚ್ಚಯ್ಯನ ಒಬ್ಬಟ್ಟು ಬಾರಿಸಬೇಕು! ಹೇಗೆ? ಹೇಗೆ? ಹೇಗೆ?

ಉತ್ತರ ಸಿಕ್ಕಿದ್ದು ಮರುದಿನ ಸಂಜೆ, ಜಗಲಿಯಲ್ಲಿ. ಸೊಸೆ ನಯನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಮಾರನೆಯ ದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುವುದು ಅವಳ ಅಭ್ಯಾಸ. "ನಮ್ಮ ಸಂವಿಧಾನವು ಅಧಿಕಾರವನ್ನು ಕೇಂದ್ರ ಮತ್ತು ರಾಜ್ಯಗಳ ನಡುವೆ ಹಂಚಿದೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂಬ ಮೂರು ಪಟ್ಟಿಗಳಿವೆ..."

ಚಿಕ್ಕಬಸಪ್ಪನವರು ಕುರ್ಚಿಯಿಂದ ಚಂಗನೆ ಎದ್ದರು. "ನಯನಾ! ಇದು! ಇದೇ ಕಣಮ್ಮ ಈ ಮನೇಲಿ ಇಲ್ದೇ ಇರೋದು!"

"ಏನ್ ಮಾವ, ಪಟ್ಟೀನಾ?"

"ಸಂವಿಧಾನ! ಒಕ್ಕೂಟ ವ್ಯವಸ್ಥೆ! ಈ ಮನೇಲಿ ಈಗ ನಡೀತಿರೋದು ಏಕಚಕ್ರಾಧಿಪತ್ಯ!" (ಕೊನೆಯ ಪದವನ್ನು ಅಡುಗೆಮನೆಗೆ ಕೇಳದ ಹಾಗೆ ಹೇಳಿದರು.)

ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಸಂವಿಧಾನ ರಚನಾ ಸಭೆ ಸೇರಿತು. ಸಹಕಾರ ಸಂಘದ ಮಹಾಸಭೆಗಳನ್ನು ನಡೆಸಿದ್ದ ಚಿಕ್ಕಬಸಪ್ಪನವರ ಮುಖಕ್ಕೆ ಹಳೆಯ ಕಳೆ ಬಂದಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತು, "ಈ ಮನೆಯ ಜನತೆಯಾದ ನಾವು..." ಎಂದು ಶುರು ಮಾಡಿದರು.

"ಜನತೆಗೆ ಪಾತ್ರೆ ತೊಳೆಯಾದದೆ, ಬೇಗ ಮುಗ್ಸಿ," ಅಂದರು ಚನ್ನಬಸಮ್ಮ.

ಅಡುಗೆಮನೆ ಒಂದು ರಾಜ್ಯವಾಯಿತು, ಚನ್ನಬಸಮ್ಮ ಅದರ ಮುಖ್ಯಮಂತ್ರಿ. ಮಹಡಿ ಇನ್ನೊಂದು ರಾಜ್ಯ, ನಯನಳದು. ಕೇಂದ್ರ ಯಾರು ಎಂಬ ಪ್ರಶ್ನೆಯನ್ನು ಚಿಕ್ಕಬಸಪ್ಪನವರು ಯಾರಿಗೂ ಕೇಳಲು ಅವಕಾಶವನ್ನೇ ಕೊಡಲಿಲ್ಲ. ಮಗ ಮಲ್ಲಿಕಾರ್ಜುನ ಮೊಬೈಲಿನಿಂದ ತಲೆ ಎತ್ತಿ, "ಅಪ್ಪ, ನಾನೇನು?" ಅಂದ.

"ನೀನು ಮತದಾರ. ಕೂತ್ಕೋ."

ಈಗ ಹಂಚಿಕೆ. ಚಿಕ್ಕಬಸಪ್ಪನವರು ಗಂಟಲು ಸರಿಮಾಡಿಕೊಂಡು, ಯಾವ ಮಹತ್ವವೂ ಇಲ್ಲದ ವಿಷಯವೆಂಬಂತೆ, "ಮೊದಲನೇದಾಗಿ ಆರೋಗ್ಯ. ಅದು ಕೇಂದ್ರಕ್ಕೆ," ಅಂದರು.

"ಇಲ್ಲ ಮಾವ," ಅಂದಳು ನಯನ. "ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿ."

"ಸರಿಯಾಗಿ ನೋಡಮ್ಮ."

"ಸರಿಯಾಗೇ ಇದೆ. ನೀರು, ಕೃಷಿ, ಸಂತೆ, ಪೊಲೀಸು, ಆರೋಗ್ಯ. ಎಲ್ಲಾ ರಾಜ್ಯದ್ದೇ."

ಚನ್ನಬಸಮ್ಮನ ಮುಖ ಅರಳಿತು. "ಯಾರ್ ಬರ್ದ್ರೋ ಪುಣ್ಯಾತ್ಮರು, ಬೋ ಚೆಂದಾಗಿ ಬರ್ದವ್ರೆ!"

ಆರೋಗ್ಯ ಹೋಯಿತು. ಆರೋಗ್ಯದ ಜೊತೆ ಒಬ್ಬಟ್ಟೂ ಹೋಯಿತು ಎಂದು ಚಿಕ್ಕಬಸಪ್ಪನವರು ಕುಸಿದು ಕೂತರು. ಆಗ ನಯನ ಕೇಂದ್ರ ಪಟ್ಟಿ ಓದತೊಡಗಿದಳು: ರಕ್ಷಣೆ, ಅಂಚೆ, ಹೆದ್ದಾರಿ, ರೈಲ್ವೆ, ಉಪ್ಪು, ವಿದೇಶಾಂಗ ವ್ಯವಹಾರ...

"ತಡಿ! ಹಿಂದಕ್ಕೆ ಹೋಗು! ಏನಂದೆ? ವಿದೇಶಾಂಗ?"

ಅವರ ತಲೆಯಲ್ಲಿ ಮಿಂಚು ಹೊಡೆಯಿತು. ಮನೆಯ ಒಳಗೆ ಆರೋಗ್ಯ ರಾಜ್ಯದ್ದು ಇರಲಿ. ಆದರೆ ಹೊರಗಿನ ನೆಲದಲ್ಲಿ ರಾಜ್ಯದ ಕಾನೂನು ನಡೆಯುವುದುಂಟೇ? ಹೊರಗಿನ ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲ ವಿದೇಶಾಂಗ ವ್ಯವಹಾರ! ಅದು ಕೇಂದ್ರದ್ದು! ಕೇಂದ್ರ ಅಂದರೆ ಯಾರು? ಅವರು ಮೇಜು ಕುಟ್ಟಿ, "ಇಡೀ ಕೇಂದ್ರ ಪಟ್ಟಿ, ಒಂದಕ್ಷರ ಬಿಡದೆ, ನನಗೆ!" ಎಂದು ಘೋಷಿಸಿದರು.

"ಯಾವ ಪಟ್ಟೀಲೂ ಇಲ್ಲದ ಉಳಿಕೆ ಅಧಿಕಾರಾನೂ ಕೇಂದ್ರದ್ದೇ ಮಾವ," ಅಂದಳು ನಯನ.

"ಉಳಿದದ್ದೂ ನನಗೇ!" ಎಂದರು ಚಿಕ್ಕಬಸಪ್ಪನವರು, ಆನಂದದ ಭರದಲ್ಲಿ.

ಸೋಮವಾರ ಬೆಳಗ್ಗೆ ಸಂವಿಧಾನ ಜಾರಿಗೆ ಬಂತು. ಚಿಕ್ಕಬಸಪ್ಪನವರು ತಿಂಡಿಗೆ ಕೂತರೆ ತಟ್ಟೆಯಲ್ಲಿ ಹಿಂದಿನ ರಾತ್ರಿಯ ಅನ್ನ, ಅದರ ಪಕ್ಕ ಭಾನುವಾರದ ಪಲ್ಯ, ಅದರ ಪಕ್ಕ ಯಾವ ವಾರದ್ದೆಂದು ಹೇಳಲಾಗದ ಒಂದು ಗೊಜ್ಜು.

"ಇದೇನೇ ಇದು? ಅವರಿಗೆಲ್ಲ ದೋಸೆ, ನನಗೆ ಮಾತ್ರ?"

"ಉಳಿದದ್ದೆಲ್ಲಾ ಕೇಂದ್ರಕ್ಕೆ ಅಂದ್ರಲ್ಲ. ಉಳಿದದ್ದು ಅದೇಯ."

ಗೊಜ್ಜು ಬಾಯಿಗಿಟ್ಟರೆ ಸಪ್ಪೆ. "ಉಪ್ಪೇ ಇಲ್ವಲ್ಲೇ!"

"ಉಪ್ಪು ನಿಮ್ಮ ಪಟ್ಟಿ ಕಣ್ರೀ. ನಾವ್ ರಾಜ್ಯದೋರು ಎಂಗೆ ಮುಟ್ಟಾದು?"

ಅಷ್ಟರಲ್ಲಿ ಮಹಡಿಯಿಂದ, "ಮಾವ, ಕೋತಿ ಬಂತು, ರಕ್ಷಣೆ!" ಎಂಬ ಕೂಗು. ಅವರು ಕೋಲು ಹಿಡಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತರೆ ಕೆಳಗಿನಿಂದ, "ರೀ, ಕೊರಿಯರ್ ಬಂದದೆ, ಅಂಚೆ!" ಕೊರಿಯರ್ ಇಸಿದುಕೊಂಡು ತಿರುಗುವಾಗ ಕೈಗೆ ಪೊರಕೆ. ಮನೆಯ ಮುಂದಿನ ರಸ್ತೆ ಹೆದ್ದಾರಿಯಂತೆ. ಅದನ್ನು ಗುಡಿಸುತ್ತಿದ್ದಾಗ ಎದುರು ಮನೆಯವರು ಗೇಟಿನ ಮೇಲೆ ಕೈಯಿಟ್ಟು ನೋಡಿದರು. "ರಾಷ್ಟ್ರೀಯ ಹೆದ್ದಾರಿ ಕಣ್ರೀ, ಕೇಂದ್ರದ್ದು," ಎಂದು ಚಿಕ್ಕಬಸಪ್ಪನವರು ತಲೆ ಎತ್ತದೆ ಹೇಳಿದರು. ಎದುರು ಮನೆಯವರು ಒಳಗೆ ಹೋಗಿ ಹೆಂಡತಿಯನ್ನೂ ಕರೆದುಕೊಂಡು ಬಂದರು.

ಬೇರೆ ಯಾರಾದರೂ ಆಗಿದ್ದರೆ ಸಂವಿಧಾನವನ್ನು ಅಂದೇ ಕಪಿಲೆಗೆ ಬಿಟ್ಟು ಬರುತ್ತಿದ್ದರು. ಚಿಕ್ಕಬಸಪ್ಪನವರು ಸಹಿಸಿದರು. ವಾರವಿಡೀ ಹಳಸಲು ಉಂಡರು, ಕೋತಿ ಓಡಿಸಿದರು, ರಸ್ತೆ ಗುಡಿಸಿದರು. ಕಣ್ಣು ಮುಚ್ಚಿದರೆ ಸಾಕು, ಹುಚ್ಚಯ್ಯನ ಒಬ್ಬಟ್ಟು ಹುಣ್ಣಿಮೆ ಚಂದ್ರನ ಹಾಗೆ ಎದುರಿಗೆ ಬಂದು ನಿಲ್ಲುತ್ತಿತ್ತು.

ಗೃಹಪ್ರವೇಶದ ಹಿಂದಿನ ದಿನ ಚನ್ನಬಸಮ್ಮ ಸೀರೆ ತೆಗೆದಿಡುತ್ತ, "ನಾಳೆ ಏಳಕ್ಕೆಲ್ಲಾ ಕಾರಲ್ಲಿ ಒಂಟೋಗಣ," ಅಂದರು.

ಚಿಕ್ಕಬಸಪ್ಪನವರು ಇದೇ ಗಳಿಗೆಗೆ ಕಾದಿದ್ದವರು. ನೆಟ್ಟಗೆ ನಿಂತು, "ಗೃಹಪ್ರವೇಶ ವಿದೇಶಾಂಗ ವ್ಯವಹಾರ. ಕೇಂದ್ರ ಒಂದೇ ಹೋಗುತ್ತೆ, ಮೊದಲನೇ ಬಸ್ಸಿಗೆ. ರಾಜ್ಯಗಳು ಇದರಲ್ಲಿ ತಲೆ ಹಾಕೋ ಹಾಗಿಲ್ಲ," ಅಂದರು.

"ಏನಂದ್ರಿ?"

"ನರಸೀಪುರ ನಮಗೆ ವಿದೇಶ."

ಚನ್ನಬಸಮ್ಮನ ಕೈಯಲ್ಲಿದ್ದ ಸೀರೆ ಮಂಚದ ಮೇಲೆ ಬಿತ್ತು. "ನನ್ನ ತವರುಮನೆ ವಿದೇಶವಾ?"

"ಬೇರೆ ತಾಲ್ಲೂಕು ಅಲ್ವೇನೇ? ಬೇರೆ ಮನೆ, ಬೇರೆ ಒಲೆ. ಕಾನೂನು ಅಂದ್ರೆ ಕಾನೂನು."

"ನಿಮ್ಮೂರ ಕಪಿಲೆ ನಮ್ಮೂರಿಗೆ ಬಂದು ಕಾವೇರಿಗೆ ಸೇರ್ಕತಾಳೆ. ಅವ್ಳು ಪಾಸ್‌ಪೋರ್ಟ್ ಮಾಡಿಸ್ಕಂಡು ಬಂದಿದ್ಲಾ? ಮದ್ವೆ ಮಾಡ್ಕಳಕ್ಕೆ ಬಂದಾಗ ನಮ್ಮಪ್ಪನ ಮನೇಲಿ ಕೂತು ಎಡ್ಗೈಲಿ ಮೀಸೆ ತಿರುವ್ಕಂಡು ಬಲ್ಗೈಲಿ ಉಂಡ್ರಲ್ಲ, ಆವಾಗ ವಿದೇಶ ಆಗಿರ್ಲಿಲ್ವಾ?"

"ಆಗ ಸಂವಿಧಾನ ಇರ್ಲಿಲ್ಲ," ಎಂದರು ಚಿಕ್ಕಬಸಪ್ಪನವರು ಗೆಲುವಿನಿಂದ.

ನಯನ ಬಾಗಿಲ ಬಳಿ ನಿಂತು, "ಮಾವ, ಈ ಮಾತು ವಾಪಸ್ ತಗೊಳ್ಳೋದು ಒಳ್ಳೇದು," ಎಂದು ಮೆಲ್ಲಗೆ ಹೇಳಿದಳು. ಆದರೆ ಒಬ್ಬಟ್ಟಿನ ಹತ್ತಿರ ಬಂದವರಿಗೆ ಯಾರ ಮಾತು ಕೇಳಿಸುತ್ತದೆ? ಚನ್ನಬಸಮ್ಮ ಬಿದ್ದ ಸೀರೆಯನ್ನು ಮಡಿಸಿಟ್ಟರು. ಜಗಳವಾಡಲಿಲ್ಲ. "ಆಯ್ತು. ಓಗ್ಬನ್ನಿ ವಿದೇಶಕ್ಕೆ," ಅಂದು ಫೋನ್ ತೆಗೆದುಕೊಂಡು ಒಳಗೆ ಹೋದರು.

ಗೆದ್ದೆ! ಚಿಕ್ಕಬಸಪ್ಪನವರಿಗೆ ಕುಣಿಯಬೇಕೆನಿಸಿತು. ಮಂಡಿನೋವು ಇದ್ದುದರಿಂದ ಕುಣಿಯಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಾಗ ಅವರಿಗೆ ಹೊಸದಾಗಿ ಕೆಲಸ ಸಿಕ್ಕ ಹುಡುಗನ ಹುಮ್ಮಸ್ಸು. ರಸ್ತೆಯ ಎರಡೂ ಕಡೆ ಭತ್ತ, ಕಬ್ಬು. ಕಬ್ಬು ಕಂಡಾಗಲೆಲ್ಲ ಬೆಲ್ಲದ ನೆನಪು, ಬೆಲ್ಲ ನೆನೆದಾಗಲೆಲ್ಲ ಬಾಯಲ್ಲಿ ನೀರು. ಹಿಂದಿನಿಂದ ಬಂದ ಕಾರೊಂದು ಪೋಂ ಎಂದು ಬಸ್ಸನ್ನು ದಾಟಿಕೊಂಡು ಹೋಯಿತು. ಮಗನ ಕಾರಿನ ಬಣ್ಣದ್ದೇ ಕಾರು. ಅವರು ಆ ಕಡೆ ಗಮನ ಕೊಡಲಿಲ್ಲ.

ಹೊಸ ಮನೆಯ ಮುಂದೆ ಶಾಮಿಯಾನ, ಬಾಳೆಕಂದು, ಓಲಗ. ನಂಜೇಶ್ ಬಾಗಿಲಲ್ಲೇ ನಿಂತಿದ್ದ. ಚಿಕ್ಕಬಸಪ್ಪನವರು ತೋಳು ಚಾಚಿ, "ಏನ್ ನಂಜೇಶ!" ಎಂದು ನುಗ್ಗಿದರೆ ಆತ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕೈ ಮುಗಿದು, ಸೊಂಟ ಬಗ್ಗಿಸಿ, "ಸುಸ್ವಾಗತ ಸಾ. ಪ್ರಯಾಣ ಸುಖವಾಗಿತ್ತಾ?" ಅಂದ.

"ಸಾ? ಯಾವ ಸಾ? ನಾನು ಕಣೋ, ನಿನ್ನ ಭಾವ!"

"ವಿದೇಶದ ಗಣ್ಯರು ನಮ್ಮ ಮನೆಗೆ ಬಂದಿರಾದು ನಮ್ಮ ಭಾಗ್ಯ ಸಾ. ಈ ಕಡೆಯಿಂದ ಬನ್ನಿ."

ತಮಾಷೆ ಎಂದುಕೊಂಡು ಚಿಕ್ಕಬಸಪ್ಪನವರು ನಕ್ಕರು. ಬೇರೆ ಯಾರೂ ನಗಲಿಲ್ಲ. ಅವರನ್ನು ಪಂಕ್ತಿಯ ಜಾಗ ದಾಟಿಸಿ, ನೆಂಟರ ನಡುವೆ ಮೆರವಣಿಗೆ ಮಾಡಿಸಿ, ಒಳಗಿನ ಒಂದು ಕೋಣೆಗೆ ಕರೆದೊಯ್ದು ಸೋಫಾದ ಮೇಲೆ ಕೂರಿಸಿದರು. ಹಾರ ಹಾಕಿದರು. ಫ್ಯಾನ್ ಹಚ್ಚಿದರು. ಮಕ್ಕಳ ಒಂದು ಹಿಂಡು ಬಾಗಿಲಲ್ಲಿ ನಿಂತು, "ವಿದೇಶದೋರು, ವಿದೇಶದೋರು," ಎಂದು ಇಣುಕಿತು. ಪೂಜೆ ಮುಗಿದು ಕಿಟಕಿಯಾಚೆ ಪಂಕ್ತಿ ಶುರುವಾಯಿತು. ಹುಚ್ಚಯ್ಯನ ದನಿ ಕೇಳಿಸಿತು: "ಒಬ್ಬಟ್ಟೂ... ಒಬ್ಬಟ್ಟೂ... ಕಾಯಾಲೂ..."

ಕೋಣೆಗೂ ತಟ್ಟೆ ಬಂತು. ಮೇಲೊಂದು ಮುಚ್ಚಳ. ಚಿಕ್ಕಬಸಪ್ಪನವರು ಮುಚ್ಚಳ ತೆಗೆದರು. ಎರಡು ಬ್ರೆಡ್ಡು. ಬೇಯಿಸಿದ ಹುರುಳಿಕಾಯಿ. ನಾಲ್ಕು ತುಂಡು ಸೌತೆಕಾಯಿ. ಒಂದು ಲೋಟ ಹಾಲಿಲ್ಲದ, ಸಕ್ಕರೆಯಿಲ್ಲದ ಟೀ.

"ಲೋ ನಂಜೇಶ! ಇದೇನೋ ಇದು?"

"ಒರದೇಶದೋರಿಗೆ ನಮ್ಮ ಸಿಹಿ, ಖಾರ ಒಗ್ಗಲ್ಲ ಸಾ. ಒಟ್ಟೆ ಕೆಟ್ರೆ ನಮ್ಮ ದೇಶಕ್ಕೇ ಕೆಟ್ಟೆಸ್ರು."

"ನಾನು ನಿನ್ನ ಅಕ್ಕನ ಗಂಡ ಕಣೋ!"

"ಅದು ಸಂಬಂಧದ ಮಾತಾಯ್ತು ಸಾ." ನಂಜೇಶನ ದನಿ ಸ್ವಲ್ಪ ಇಳಿಯಿತು. "ನಮ್ಮನ್ನ ವಿದೇಶ ಅಂದೋರು ನೀವೇ ಅಲ್ವಾ? ಅಕ್ಕ ಫೋನ್ ಮಾಡಿ ಅತ್ತುಬುಟ್ಲು."

ಚಿಕ್ಕಬಸಪ್ಪನವರು ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅತ್ತಳೇ? ತಾನು ಓಲಗದ ಸಮೇತ ಬಂದು ತಾಳಿ ಕಟ್ಟಿದ ಊರು ಇದು. ಪ್ರತಿ ಹಬ್ಬಕ್ಕೂ ಈ ಜನ ಬಾಗಿಲವರೆಗೆ ಬಂದು ಕಾಲಿಗೆ ನೀರು ಕೊಟ್ಟಿದ್ದಾರೆ, "ಭಾವ ಬಂದ್ರು" ಎಂದು ಕೂಗಿದ್ದಾರೆ. ಇವತ್ತು ಆ ಕೂಗೇ ಇಲ್ಲ. ಕಿಟಕಿಯಿಂದ ನೋಡಿದರೆ ಚನ್ನಬಸಮ್ಮ ಸೆರಗು ಸಿಕ್ಕಿಸಿಕೊಂಡು ತಮ್ಮನ ಮನೆಯ ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದರು. ಎಲ್ಲರ ಜೊತೆ ನಗುತ್ತಿದ್ದರು. ಈ ಕಡೆ ಮಾತ್ರ ತಿರುಗುತ್ತಿರಲಿಲ್ಲ.

ನಯನ ಒಳಗೆ ಬಂದಳು. "ಮಾವ, ಟೀ ಸಾಕಾ?"

"ನಯನಾ, ಇದಕ್ಕೆ ಸಂವಿಧಾನದಲ್ಲಿ ದಾರಿ ಇಲ್ವಾ?"

"ಒಂದೇ ದಾರಿ. ಹಿಂದೆ ಸಂಸ್ಥಾನಗಳೆಲ್ಲ ಮಾಡಿದ್ವಲ್ಲ, ವಿಲೀನ. ಕಿರೀಟ ಇಳಿಸಿಟ್ಟು ಒಕ್ಕೂಟಕ್ಕೆ ಸೇರ್ಕೊಳ್ಳೋದು."

ಚಿಕ್ಕಬಸಪ್ಪನವರು ಹಾರ ತೆಗೆದಿಟ್ಟು ಸೀದಾ ಪಂಕ್ತಿಯ ನಡುವೆ ಹೋಗಿ ನಿಂತರು. ಓಲಗದವರು ಊಟಕ್ಕೆ ಕೂತಿದ್ದರು, ಹಾಗಾಗಿ ಮಾತು ಎಲ್ಲರಿಗೂ ಕೇಳಿಸಿತು. "ಚನ್ನಬಸೀ, ತಪ್ಪಾಯ್ತು ಕಣೇ. ನರಸೀಪುರ ವಿದೇಶ ಅಲ್ಲ. ನಿನ್ನ ತವರೇ ನನ್ನ ದೇಶ. ಕೇಂದ್ರ ಪಟ್ಟಿ, ಉಳಿಕೆ ಅಧಿಕಾರ, ಎಲ್ಲಾ ನೀನೇ ಇಟ್ಕೋ. ಇವತ್ತಿನಿಂದ ನಾನು ನಿನ್ನ ಒಕ್ಕೂಟದಲ್ಲಿ ವಿಲೀನ!"

ಇಡೀ ಪಂಕ್ತಿ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿತು. ನಂಜೇಶ್ ಓಡಿ ಬಂದು, "ಭಾವ!" ಎಂದು ತಬ್ಬಿಕೊಂಡ. ಚನ್ನಬಸಮ್ಮ ತುಪ್ಪದ ಗಿಂಡಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಕೂತ್ಕಳಿ, ಅಸ್ದಿದ್ದೀರಿ," ಎಂದು ತಾವೇ ಎಲೆ ಹಾಕಿದರು. ಚಿಕ್ಕಬಸಪ್ಪನವರಿಗೆ ಸ್ವರ್ಗ ಮೂರೇ ಗೇಣು. ಮಾನವೂ ಉಳಿಯಿತು, ಹೆಂಡತಿಯೂ ಒಲಿದಳು, ಅಗೋ, ಹುಚ್ಚಯ್ಯನೂ ಬುಟ್ಟಿ ಹಿಡಿದು ಬರುತ್ತಿದ್ದಾನೆ! ಪಕ್ಕದ ಎಲೆಗೆ ಎರಡು ಒಬ್ಬಟ್ಟು ಬಿತ್ತು. ಇವರ ಎಲೆಯ ಮೇಲೆ ಕೈ ಬಂತು...

"ಉಚ್ಚಯ್ಯ, ಅಲ್ಲಿ ಇಕ್ಬ್ಯಾಡ," ಅಂದರು ಚನ್ನಬಸಮ್ಮ.

"ಯಾಕೇ?" ಎಂದು ಕಿರುಚಿದರು ಚಿಕ್ಕಬಸಪ್ಪನವರು.

"ಈಗ ನೀವು ನಮ್ಮೋರಲ್ವಾ? ನಮ್ಮೋರ ಆರೋಗ್ಯ ನಮ್ಮ ಪಟ್ಟೀಲದೆ."

ಹುಚ್ಚಯ್ಯನ ಕೈ ಮುಂದಿನ ಎಲೆಗೆ ಹೋಯಿತು. ಆಗ ನಂಜೇಶ್ ದೊಡ್ಡದೊಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ತಲೆ ಕೆರೆಯುತ್ತ ಬಂದ. "ಅಕ್ಕ, ಇದನ್ನೇನ್ ಮಾಡ್ಲಿ? ವಿದೇಶದ ಗಣ್ಯರು ಒರಡುವಾಗ ಕೊಡು ಅಂದಿದ್ಯಲ್ಲ, ಬಿಸಿ ಒಬ್ಬಟ್ಟು ಕಟ್ಸಿದ್ದೆ. ತುಪ್ಪನೂ ಬುಟ್ಟಿವ್ನಿ."

"ಊಂ ಕಣಪ್ಪ, ನಾನೇ ಏಳಿದ್ದು," ಅಂದರು ಚನ್ನಬಸಮ್ಮ. "ಕೋಪ ಏನೇ ಇರ್ಲಿ, ಒಂದಿನ ತಿನ್ಲಿ ಪಾಪ, ಒರದೇಶದೋರ ಸಕ್ಕರೆ ಕಾಯ್ಲೆ ಕಟ್ಕಂಡು ನಮ್ಗೇನು ಅಂತ. ಈಗ ಅವ್ರು ವಿಲೀನ ಆಗ್ಬುಟ್ರಲ್ಲ, ಎಂಗೆ ಕೊಡಾದು? ಉಚ್ಚಯ್ಯಂಗೆ ಕೊಡು, ಬುಟ್ಟಿಗೆ ಆಕ್ಕಳ್ಳಿ."

"ಲೋ ನಂಜೇಶ! ತಡಿಯೋ! ನಾನು ವಿದೇಶದವನೇ ಕಣೋ!" ಎಂದು ಚಿಕ್ಕಬಸಪ್ಪನವರು ಎಲೆಯ ಮುಂದೆ ಎದ್ದೇ ನಿಂತರು. "ಈಗ್ಲೂ ವಿದೇಶದವನೇ! ಬೇರೆ ತಾಲ್ಲೂಕು! ಬೇರೆ ಒಲೆ!"

ಎದುರು ಸಾಲಿನಲ್ಲಿ ಒಬ್ಬಟ್ಟು ಮುರಿಯುತ್ತಿದ್ದ ನಯನ ತಲೆ ಎತ್ತಿದಳು.

"ಕೂತ್ಕೊಳ್ಳಿ ಮಾವ. ಒಂದ್ಸಲ ಒಕ್ಕೂಟಕ್ಕೆ ಸೇರಿದ ಮೇಲೆ ಬಿಟ್ಟು ಹೋಗೋ ಹಕ್ಕು ಯಾರಿಗೂ ಇಲ್ಲ."